ಪಕ್ಕದ ಬಾಗಿಲಿಂದ ಬನ್ನಿ

ಅಮೆರಿಕದ ಆಂಗ್ಲಿಕನ್ ಸಭೆಯಾದ ಎಪಿಸ್ಕೋಪಲ್ ಚರ್ಚಿನವರು ತಮ್ಮ ಮುಂಬಾಗಿಲಿಗೆ ಎಷ್ಟೋ ಕಡೆ ಕೆಂಪು ಬಣ್ಣ ಬಳಿದಿರುತ್ತಾರೆ. ರಸ್ತೆ ಬದಿಯಲ್ಲಿ 'ದಿ ಎಪಿಸ್ಕೋಪಲ್ ಚರ್ಚ್ ವೆಲ್ಕಮ್ಸ್ ಯೂ' ಅಂತ ಬೋರ್ಡೂ ಇರುತ್ತದೆ. ನ್ಯೂಜೆರ್ಸಿಗೆ ಬಂದ ಹೊಸದರಲ್ಲಿ ಆ ಬೋರ್ಡು ನಂಬಿ ಒಂದು ಬುಧವಾರ ಹೋಗಿ ಕೆಂಪು ಬಾಗಿಲು ತಳ್ಳಿದೆ. ಬೀಗ. ಚಳಿಯಲ್ಲಿ ಐದು ನಿಮಿಷ ನಿಂತು ವಾಪಸ್ ಬಂದೆ. ಭಾನುವಾರ ಬಿಟ್ಟರೆ ಎಲ್ಲರೂ ಪಾರ್ಕಿಂಗ್ ಕಡೆಯ ಸಣ್ಣ ಬಾಗಿಲಿಂದ, ಅಡುಗೆಮನೆ ಹಾದು ಒಳಗೆ ಹೋಗುತ್ತಾರೆ. ಇದು ಗೊತ್ತಾಗೋಕೆ ನನಗೆ ಎರಡು ತಿಂಗಳು ಬೇಕಾಯಿತು. ಈಗ ಹದಿನೇಳು ವರ್ಷ ಆಯಿತು. ಹೊಸದಾಗಿ ಬಂದ ಕನ್ನಡದವರು ಚರ್ಚಿನ ಬಗ್ಗೆ ಕೇಳಿದಾಗಲೆಲ್ಲ ನಾನು ಮೊದಲು ಆ ಸಣ್ಣ ಬಾಗಿಲು ತೋರಿಸುತ್ತೇನೆ.

ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಕಡೆಯವರಿಗೆ ಮೊದಲು ಒಂದು ಮಾತು. ನಾನೂ ಹುಬ್ಬಳ್ಳಿಯ ಸಿ.ಎಸ್.ಐ. ಸಭೆಯಲ್ಲಿ ಬೆಳೆದವಳೇ. ಇದನ್ನ ಚಿಕ್ಕಪ್ಪನ ಮನೆ ಅಂದುಕೊಳ್ಳಿ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ಸಿ.ಎಸ್.ಐ. ಆಯಿತು. ಈಗ ಅದೂ ಎಪಿಸ್ಕೋಪಲ್ ಚರ್ಚೂ ಜಗತ್ತಿನ ಆಂಗ್ಲಿಕನ್ ಸಭೆಗಳ ಬಳಗವಾದ ಆಂಗ್ಲಿಕನ್ ಕಮ್ಯೂನಿಯನ್ನಿನ ಸದಸ್ಯ ಸಭೆಗಳೇ. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಇನ್ನೊಂದು ಸಲ ಮಾಡಿಸಿಕೊಳ್ಳಬೇಕಿಲ್ಲ. ಊರಿಂದ ಬರುವಾಗ ಅದರ ಸರ್ಟಿಫಿಕೇಟು, ಸಭಾಪಾಲಕರ ಒಂದು ಪತ್ರ ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳಿ. ನಾನು ಉಪ್ಪಿನಕಾಯಿಗೆ ಜಾಗ ಮಾಡಿದೆ, ಇದನ್ನು ಮರೆತೆ.

ಭಾನುವಾರ ಎರಡು ಆರಾಧನೆ ಇದ್ದರೆ ಬೆಳಗಿನ ಎಂಟು ಗಂಟೆಯದಕ್ಕೆ ಮೊದಲ ಸಲ ಹೋಗಬೇಡಿ. ಅದರಲ್ಲಿ ಹಳೇ ಇಂಗ್ಲಿಷು, ಹಾಡು ಕಡಿಮೆ, ಮಾತೂ ಕಡಿಮೆ. ಹತ್ತರದಕ್ಕೆ ಹೋಗಿ. ಬೆಂಚಿನ ಹಿಂದೆ ಎರಡು ಪುಸ್ತಕ ಇರುತ್ತವೆ. ನೀಲಿಯದು ಹಾಡಿನದು. ಇನ್ನೊಂದು, ಹೆಚ್ಚಾಗಿ ಕೆಂಪು ರಟ್ಟಿನದು, 1979ರ ಪ್ರಾರ್ಥನಾ ಪುಸ್ತಕ. ಪುಟ 355 ತೆಗೆಯಿರಿ, ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಕ್ರಮ ಅಲ್ಲಿಂದ ಶುರು. ಓದುತ್ತಾ ಹೋದರೆ ಊರಿನ ನಮ್ಮ ಸಭೆಯದೇ ಧಾಟಿ ಕಾಣುತ್ತದೆ.

ನಡುವೆ ಒಂದು ಕಡೆ ಎಲ್ಲರೂ ಎದ್ದು 'ಪೀಸ್' ಅನ್ನುತ್ತಾ ಕೈ ಕುಲುಕೋಕೆ ಶುರು ಮಾಡುತ್ತಾರೆ. ಇಲ್ಲಿನ ನಮ್ಮ ಚರ್ಚಿನಲ್ಲಿ ಇದು ಮುಗಿಯುವುದೇ ಇಲ್ಲ, ಜಾತ್ರೆಯ ಹಾಗೆ. ಇದು ಅಮೆರಿಕದವರ ಚಾಳಿ ಅಂತ ಅಂದುಕೊಂಡಿದ್ದೆ. ಆಮೇಲೆ ಓದಿದೆ: ಕೇರಳದ ಸಿರಿಯನ್ ಸಭೆಗಳಲ್ಲಿ ಉಳಿದಿದ್ದ ಈ ಪದ್ಧತಿಯನ್ನು 1950ರಲ್ಲಿ ಸಿ.ಎಸ್.ಐ. ತನ್ನ ಆರಾಧನಾ ಕ್ರಮಕ್ಕೆ ತಂದಿತು. ಕೈಯಿಂದ ಕೈಗೆ ಸಮಾಧಾನ ದಾಟಿಸುವುದನ್ನು ಜಗತ್ತಿನ ಆಂಗ್ಲಿಕನ್ ಸಭೆಗಳು ಅಲ್ಲಿಂದ ಗಮನಿಸಿದವು. ಹಾಗಾಗಿ ಸಂಕೋಚ ಬೇಡ. ಅದರಲ್ಲಿ ನಮ್ಮ ಕಡೆಯ ಪಾಲೂ ಇದೆ.

ಇನ್ನು ಕ್ರೈಸ್ತರಲ್ಲದ ಕನ್ನಡದವರು. ನನ್ನನ್ನು ಕೇಳುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಇವರೇ. ಮಗುವಿನ ಸ್ಕೌಟ್ ಸಭೆ, ಇಂಗ್ಲಿಷ್ ಕ್ಲಾಸು, ಹಳೇ ಬಟ್ಟೆ ಮಾರಾಟ, ಇಂಥ ಯಾವುದೋ ಒಂದಕ್ಕೆ ಚರ್ಚಿಗೆ ಬಂದಿರುತ್ತಾರೆ. 'ಮತಾಂತರ ಮಾಡ್ತಾರಾ?' ಅನ್ನುವುದು ಮೊದಲ ಪ್ರಶ್ನೆ. ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಚರ್ಚಿನಲ್ಲಿ ಈ ಹದಿನೇಳು ವರ್ಷದಲ್ಲಿ ಯಾರೂ ಯಾರ ಬೆನ್ನು ಬಿದ್ದಿದ್ದನ್ನು ನಾನು ಕಂಡಿಲ್ಲ. ಆರಾಧನೆಗೆ ಬಂದು ಸುಮ್ನೆ ಕೂತರೂ ಸರಿ. ರೊಟ್ಟಿ, ದ್ರಾಕ್ಷಾರಸ ದೀಕ್ಷಾಸ್ನಾನ ಆದವರಿಗೆ. ಉಳಿದವರು ಬೆಂಚಿನಲ್ಲೇ ಕೂತಿರಬಹುದು. ಇಲ್ಲವೇ ಎದೆಯ ಮೇಲೆ ಕೈ ಅಡ್ಡ ಕಟ್ಟಿಕೊಂಡು ಹೋದರೆ ಆಶೀರ್ವಾದ ಕೊಟ್ಟು ಕಳಿಸುತ್ತಾರೆ.

ಒಂದು ವಿಷಯಕ್ಕೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಊರಲ್ಲಿ ಹೊಸ ಕುಟುಂಬ ಬಂದರೆ ಹೆಂಗಸರ ಕೂಟದವರು ಮನೆಗೆ ಬರುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಇಲ್ಲಿ ಯಾರೂ ಬರಲ್ಲ. ನಾನು ಆರು ವಾರ ಕಾದೆ. ಜನಕ್ಕೆ ಸೊಕ್ಕು ಅಂದುಕೊಂಡೆ. ಸೊಕ್ಕೇನಿಲ್ಲ. ಕರೆಯದೆ ಇನ್ನೊಬ್ಬರ ಮನೆಗೆ ಹೋಗೋಕೆ ಇವರಿಗೆ ಅಂಜಿಕೆ, ಅಷ್ಟೇ. ಹಾಲ್‌ನ ಗೋಡೆ ಮೇಲೆ ಸೈನ್-ಅಪ್ ಹಾಳೆ ಅಂಟಿಸಿರುತ್ತಾರಲ್ಲ, ಅದರಲ್ಲಿ ಒಂದು ಸಾಲು ತುಂಬಿ. ಕಾಫಿ ಅವರ್, ಹೂವು ಜೋಡಿಸುವುದು, ಹಿಮ ಎತ್ತುವುದು, ಏನಾದ್ರೂ ಸರಿ. ಹೆಸರು ಬರೆದವರ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ.

ನಾನು ಬರೆದದ್ದು ಪಾಟ್‌ಲಕ್ಕಿಗೆ, ಅಂದರೆ ಎಲ್ಲರೂ ಒಂದೊಂದು ಅಡುಗೆ ತರುವ ಊಟಕ್ಕೆ. ಚಿತ್ರಾನ್ನ ಮಾಡಿ ತಂದೆ, ಮೇಲೆ ಧಾರಾಳ ಶೇಂಗಾ. ಚೀಟಿ ಹಾಕಿರಲಿಲ್ಲ. ಒಬ್ಬ ಹುಡುಗಿಗೆ ಶೇಂಗಾ ಆಗುತ್ತಿರಲಿಲ್ಲ. ಅವಳ ತಾಯಿ ಕೊನೇ ಗಳಿಗೆಯಲ್ಲಿ ನೋಡಿ ತಟ್ಟೆ ಕಸಿದುಕೊಂಡರು. ನನ್ನ ಪಾತ್ರೆ ಮುಚ್ಚಳ ಹಾಕಿಸಿಕೊಂಡು ಕಿಟಕಿ ಹತ್ತಿರ ಒಂಟಿಯಾಗಿ ಕೂತಿತು. ಅಳು ಬಂತು. ಮುಂದಿನ ವಾರ ಅದೇ ತಾಯಿ ಬಂದು ಬಿಳಿ ಕಾರ್ಡು, ಪೆನ್ನು ಕೊಟ್ಟು ಏನೇನು ಬರೆಯಬೇಕು ಅಂತ ಹೇಳಿಕೊಟ್ಟರು: ಶೇಂಗಾ, ಗೋಡಂಬಿ, ಹಾಲು, ಗೋಧಿ. ಇವತ್ತು ನನಗಿರುವ ಹತ್ತಿರದ ಗೆಳತಿ ಅವರೇ.

ಈಗ ಪ್ಯಾಂಟ್ರಿ. ಬಡವರಿಗೆ ದಿನಸಿ ಹಂಚುವ ಕೋಣೆ. ನಮ್ಮಲ್ಲಿ ಗುರುವಾರ ಮಧ್ಯಾಹ್ನ ಟ್ರಕ್ ಬರುತ್ತದೆ, ಸಂಜೆ ಐದಕ್ಕೆ ಬಾಗಿಲು ತೆರೆಯುತ್ತದೆ. ಕೆಲಸ ಅಂದರೆ ಡಬ್ಬಿ ವಿಂಗಡಿಸುವುದು. ಅಂಚು ನಜ್ಜಿದ ಡಬ್ಬಿ, ಉಬ್ಬಿದ ಡಬ್ಬಿ ನೇರ ಕಸಕ್ಕೆ. ತಾರೀಕು ನೋಡಬೇಕು. ಲೇಬಲ್ ಮುಂದೆ ಬರುವ ಹಾಗೆ ಜೋಡಿಸಬೇಕು, ಯಾಕಂದ್ರೆ ಬರುವವರು ಇಲ್ಲಿ ಚೀಲ ಇಸಿದುಕೊಂಡು ಹೋಗುವುದಿಲ್ಲ, ಅಂಗಡಿಯ ಹಾಗೆ ತಮಗೆ ಬೇಕಾದ್ದು ಆರಿಸಿಕೊಳ್ಳುತ್ತಾರೆ. ನಾವು ಕೇಳುವುದು ಹೆಸರು, ಮನೆಯಲ್ಲಿ ಎಷ್ಟು ಜನ, ಅಷ್ಟೇ. ಪ್ರಾರ್ಥನೆ ಇಲ್ಲ, ಕರಪತ್ರ ಇಲ್ಲ.

ಒಣ ಬೇಳೆ ಮೂಲೆಯಲ್ಲಿ ಹಾಗೇ ಬಿದ್ದಿರುತ್ತಿತ್ತು. ಬೇಯಿಸುವುದು ಹೇಗೆ ಅಂತ ಗೊತ್ತಿಲ್ಲದವರು ಜಾಸ್ತಿ. ಒಂದು ಗುರುವಾರ ದೊಡ್ಡ ಪಾತ್ರೆಯಲ್ಲಿ ಬೇಳೆ, ಟೊಮೇಟೊ, ಅರಿಶಿನ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಾರು ಮಾಡಿಟ್ಟೆ. ಸಾಲಿನಲ್ಲಿ ನಿಂತವರಿಗೆ ಒಂದೊಂದು ಕಾಗದದ ಲೋಟ. ಗ್ವಾಟೆಮಾಲಾದ ಒಬ್ಬ ಹೆಂಗಸು ಎರಡನೇ ಲೋಟ ಇಸಿದುಕೊಂಡು, ಕೈಸನ್ನೆಯಲ್ಲೇ, ಜೀರಿಗೆ ಇನ್ನಷ್ಟು ಬೇಕಿತ್ತು ಅಂದಳು. ಅವಳು ಹೇಳಿದ್ದು ಸರಿಯೇ. ಅವತ್ತು ಬೇಳೆ ಪೂರ್ತಿ ಖಾಲಿ.

ಈ ಕೆಲಸ ದೊಡ್ಡದಾಗಿ ನಡೆಯುವುದನ್ನು ನೋಡಬೇಕಾದ್ರೆ ಮ್ಯಾನ್‌ಹ್ಯಾಟನ್ನಿನ ಚೆಲ್ಸಿಗೆ ಹೋಗಿ. ಅಲ್ಲಿನ ಹೋಲಿ ಅಪಾಸಲ್ಸ್ ಚರ್ಚ್ 1982ರಿಂದ ಹಸಿದವರಿಗೆ ಊಟ ಹಾಕುತ್ತಿದೆ. 1990ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು. ರಿಪೇರಿ ಆದ ಮೇಲೆ ಅವರು ಬೆಂಚುಗಳನ್ನು ಮತ್ತೆ ಕೂರಿಸಲಿಲ್ಲ. ಆರಾಧನೆ ನಡೆಯುವ ಜಾಗದಲ್ಲೇ ಊಟದ ಮೇಜು ಹಾಕಿದರು. ನಮ್ಮ ಮಠಗಳ ದಾಸೋಹ ನೋಡಿ ಬೆಳೆದವರಿಗೆ ಇದೇನು ಅಂತ ವಿವರಿಸಬೇಕಿಲ್ಲ, ಅಲ್ವಾ?

ಕೆಲಸಕ್ಕೆ ಬಂದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ ಮನೆಯಲ್ಲೇ ಕೂತು ಬೇಜಾರಾದವರಿಗೆ ಪ್ಯಾಂಟ್ರಿ ಒಳ್ಳೇ ಜಾಗ. ಇದು ಸಂಬಳವಿಲ್ಲದ ಸೇವೆ, ಹಾಗೇ ಇರಲಿ. ದುಡ್ಡು, ಗಿಫ್ಟ್ ಕಾರ್ಡ್ ಯಾರಾದ್ರೂ ಕೊಡಲು ಬಂದರೆ ಬೇಡ ಅನ್ನಿ. ಮಕ್ಕಳ ಜೊತೆ ಕೆಲಸ ಮಾಡುವುದಾದರೆ ತರಬೇತಿ ತಗೋಬೇಕು, ಹಿನ್ನೆಲೆ ತಪಾಸಣೆಗೆ ಸಹಿ ಹಾಕಬೇಕು. ನಮ್ಮ ಮೇಲೆ ಅನುಮಾನವಾ ಅಂತ ಮುನಿಸಿಕೊಳ್ಳಬೇಡಿ. ಇಲ್ಲೇ ಹುಟ್ಟಿ ಬೆಳೆದ ಅಜ್ಜಿಯರಿಗೂ ಅದೇ ನಿಯಮ.

ದುಡ್ಡಿನ ಮಾತು. ಶರತ್ಕಾಲದಲ್ಲಿ ಪ್ಲೆಜ್ ಕಾರ್ಡ್ ಬರುತ್ತದೆ. ಮುಂದಿನ ವರ್ಷ ಎಷ್ಟು ಕೊಡಬಲ್ಲಿರಿ ಅನ್ನುವ ಅಂದಾಜು ಅದು. ಸಾಲಪತ್ರ ಅಲ್ಲ. ಕೆಲಸ ಹೋದರೆ ಫೋನ್ ಮಾಡಿ ಕಡಿಮೆ ಮಾಡಿಸಬಹುದು. ಲೆಕ್ಕ ನೋಡುವುದು ವೆಸ್ಟ್ರಿ ಅನ್ನುವ ಆಡಳಿತ ಸಮಿತಿ, ಊರಿನ ನಮ್ಮ ಸಭೆಯ ಪಾಸ್ಟರೇಟ್ ಕಮಿಟಿಯ ಹಾಗೆ, ವಾರ್ಷಿಕ ಸಭೆಯಲ್ಲಿ ಆರಿಸಿದವರು. ಪಾದ್ರಿಯನ್ನು ಹುಡುಕಿ ಕರೆಸುವುದೂ ಇವರೇ. ಊರಲ್ಲಿ ಬಿಷಪ್ ವರ್ಗ ಮಾಡಿ ಕಳಿಸುವ ಹಾಗಲ್ಲ.

ಪಾದ್ರಿಯ ಕೈಲಿ ಇನ್ನೊಂದು ನಿಧಿ ಇರುತ್ತದೆ, ಡಿಸ್ಕ್ರೀಷನರಿ ಫಂಡ್ ಅಂತ. ಕಷ್ಟದಲ್ಲಿರುವವರಿಗೆ ಸದ್ದಿಲ್ಲದೆ ಕೊಡುವುದಕ್ಕೆ. ತಿಂಗಳಿಗೆ ಒಂದು ಭಾನುವಾರದ ಬಿಡಿ ಕಾಣಿಕೆ ಇದಕ್ಕೇ ಹೋಗಬೇಕು ಅನ್ನುವುದು ಚರ್ಚಿನ ನಿಯಮದಲ್ಲೇ ಇದೆ. ಎಚ್-1ಬಿ ಉದ್ಯೋಗ ವೀಸಾದವರಿಗೆ ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳೋಕೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಆ ದಿನಗಳಲ್ಲಿ ಬಾಡಿಗೆ, ಹೀಟಿಂಗ್ ಬಿಲ್ಲು ನಿಲ್ಲುವುದಿಲ್ಲ. ನಮ್ಮವರು ಮಾನಕ್ಕೆ ಅಂಜಿ ಬಾಯಿ ಬಿಡಲ್ಲ, ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. ಪಾದ್ರಿಯನ್ನು ಒಂಟಿಯಾಗಿ ಕಂಡು ಕೇಳಿ. ಸದಸ್ಯರೇ ಆಗಿರಬೇಕು ಅಂತಿಲ್ಲ. ಪೂರ್ತಿ ಬಾಡಿಗೆ ಸಿಗದಿರಬಹುದು, ಆದರೆ ಬೇರೆ ಯಾರನ್ನು ಕೇಳಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ.

ನೆಲಮಾಳಿಗೆಯಲ್ಲಿ ವಾರಕ್ಕೆರಡು ಸಂಜೆ ಕುಡಿತ ಬಿಟ್ಟವರ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆ ನಡೆಯುತ್ತದೆ, ಬಂದವರ ಗುರುತು ಗುಟ್ಟು. ಅಲ್ಲಿ ಕಂಡವರನ್ನು ಅಂಗಡಿಯಲ್ಲಿ ಕಂಡಾಗ 'ನೀವು ಅಲ್ಲಿದ್ರಲ್ಲಾ' ಅನ್ನಬೇಡಿ.

ಪಾದ್ರಿಯನ್ನು ಏನಂತ ಕರೆಯುವುದು? ನಮ್ಮವರು ಹೆಣ್ಣುಮಗಳು. ಈ ಚರ್ಚು 1976ರಲ್ಲೇ ಹೆಂಗಸರಿಗೆ ಪಾದ್ರಿ ಪಟ್ಟ ಕೊಡಲು ಒಪ್ಪಿತ್ತು. ಕೆಲವರು 'ಮದರ್' ಅನ್ನುತ್ತಾರೆ, ಹೆಚ್ಚಿನವರು ಹೆಸರು ಹಿಡಿದೇ ಕರೆಯುತ್ತಾರೆ. ಊರಲ್ಲಿ ಪಾದ್ರಿಗೆ ಅಯ್ಯನವರು, ಅವರ ಹೆಂಡತಿಗೆ ಅಮ್ಮನವರು ಅನ್ನುತ್ತೇವೆ. ಅವ್ವ ಊರಿಂದ ಬಂದಾಗ ನಮ್ಮ ಪಾದ್ರಿಯನ್ನು ನೋಡಿ, 'ಇವರು ಅಮ್ಮನವರು. ಅಯ್ಯನವರು ಎಲ್ಲಿ?' ಅಂದಳು. ಇವರೇ ಅಯ್ಯನವರು, ಗಂಡ ಪ್ಲಂಬರ್ ಅಂದೆ. ಮೂರು ತಿಂಗಳೂ ಅವ್ವ ಆ ಆರಡಿ ಪ್ಲಂಬರನ್ನು ಕಂಡಾಗಲೆಲ್ಲ ಕೈ ಮುಗಿದು 'ಅಮ್ಮನವರೇ, ವಂದನೆ' ಅನ್ನುತ್ತಿದ್ದಳು.

ಮಕ್ಕಳನ್ನು ಕರೆತರೋಕೆ ಒಳ್ಳೇ ದಿನ ಎರಡು. ಒಂದು, ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಶುರುವಾಗುವ ಹಿಂದಿನ ಮಂಗಳವಾರದ ಪ್ಯಾನ್‌ಕೇಕ್ ಊಟ. ಇನ್ನೊಂದು ಅಕ್ಟೋಬರ್ 4ರ ಆಸುಪಾಸು, ಸಂತ ಫ್ರಾನ್ಸಿಸ್ ದಿನ. ಅವತ್ತು ಸಾಕುಪ್ರಾಣಿಗಳಿಗೆ ಆಶೀರ್ವಾದ. ಕಾರಹುಣ್ಣಿಮೆಯ ಎತ್ತಿನ ಬದಲು ಹುಲ್ಲಿನ ಮೇಲೆ ನಾಯಿ, ಬೆಕ್ಕು, ಮೊಲ. ಯಾವ ಧರ್ಮದವರು ಅಂತ ಯಾರೂ ಕೇಳಲ್ಲ. ಹೋದ ವರ್ಷ ನಮ್ಮ ಪಕ್ಕದ ಮನೆಯ ದಾವಣಗೆರೆಯವರ ಹುಡುಗ ಗಾಜಿನ ಬಾಟಲಿಯಲ್ಲಿ, ಎರಡು ಎಲೆಯ ಮೇಲೆ, ಒಂದು ಬಸವನಹುಳು ತಂದಿದ್ದ. ಪಾದ್ರಿ ಮಂಡಿಯೂರಿ ಕೂತು ಇದರ ಹೆಸರೇನು ಅಂತ ಕೇಳಿದರು.

'ಬಸವ' ಅಂದ.

'ಬಸವಾ' ಅಂತ ಅವರೂ ರಾಗವಾಗಿ ಕರೆದು, ಒಂದು ಹನಿ ನೀರು ಚಿಮುಕಿಸಿದರು. ಬಸವ ಚಿಪ್ಪಿನೊಳಗೆ ಹೋಗಿಬಿಟ್ಟ.