ಡೇಟಾಬೇಸ್ ಸರ್ವರನ್ನು ಸರಿಯಾಗಿ ನಿಲ್ಲಿಸಿ ಆರಂಭಿಸುವ ಸರ್ವಿಸ್ ಸ್ಕ್ರಿಪ್ಟ್ ಬರೆಯುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ವಹಿವಾಟು ನಡೆಸುವವರಲ್ಲಿ ಲೆಕ್ಕದ ತಂತ್ರಾಂಶಕ್ಕೆಂದು ಕಚೇರಿಯಲ್ಲೇ ಲಿನಕ್ಸ್ ಸರ್ವರ್ ಇಟ್ಟುಕೊಂಡವರಿದ್ದಾರೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು. ಯುಪಿಎಸ್ ಬ್ಯಾಟರಿ ಮುಗಿಯುವುದರೊಳಗೆ ಡೇಟಾಬೇಸ್ ಕ್ರಮವಾಗಿ ನಿಂತು, ಕರೆಂಟು ಬಂದ ಮೇಲೆ ಯಾರೂ ಕೈಹಾಕದೆ ತಾನಾಗಿ ಏಳುವಂತೆ ಮಾಡುವುದು ಸರ್ವಿಸ್ ಸ್ಕ್ರಿಪ್ಟಿನ ಕೆಲಸ. ನಿಲ್ಲೆಂಬ ಸಿಗ್ನಲ್ (ಓಡುತ್ತಿರುವ ಪ್ರೋಗ್ರಾಮಿಗೆ ಲಿನಕ್ಸ್ ಮುಟ್ಟಿಸುವ ಸೂಚನೆ) ಕಳಿಸಿದ ಮಾತ್ರಕ್ಕೆ ಸ್ಕ್ರಿಪ್ಟು ‘ನಿಂತಿತು’ ಎನ್ನಬಾರದು, ಸರ್ವರಿನ ಮುಖ್ಯ ಪ್ರೋಸೆಸ್ ಇಲ್ಲವಾದ ಮೇಲೆಯೇ ಹಾಗೆನ್ನಬೇಕು. ಹಾಗೆಯೇ ಪ್ರೋಸೆಸ್ ಹುಟ್ಟಿದ ಮಾತ್ರಕ್ಕೆ ‘ಆರಂಭವಾಯಿತು’ ಎನ್ನದೆ, ಸರ್ವರ್ ಸಂಪರ್ಕಗಳನ್ನು ಸ್ವೀಕರಿಸತೊಡಗುವವರೆಗೆ ಕಾಯಬೇಕು. ನಡುವೆ ಹತ್ತು ಸೆಕೆಂಡಿನ ಸ್ಲೀಪ್ ಹಾಕಿ ಕೆಲಸವಾಯಿತೆಂದುಕೊಳ್ಳುವ ಸ್ಕ್ರಿಪ್ಟು ಕೆಲಸವಿಲ್ಲದ ಸರ್ವರಿನಲ್ಲಿ ಮಾತ್ರ ಸರಿಯಾಗಿ ನಡೆದೀತು.

ಪೋಸ್ಟ್‌ಗ್ರೆಸ್ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸ್ ಸರ್ವರನ್ನು ನಿಲ್ಲಿಸಲು ಮೂರು ವಿಧಾನಗಳಿವೆ, ಒಂದೊಂದಕ್ಕೂ ಒಂದೊಂದು ಸಿಗ್ನಲ್. ಸಿಗ್‌ಟರ್ಮ್ ಬಂದರೆ ಅದು ಹೊಸಬರನ್ನು ಒಳಗೆ ಬಿಡದೆ, ಈಗಾಗಲೇ ಸಂಪರ್ಕದಲ್ಲಿರುವವರೆಲ್ಲ ತಾವಾಗಿ ಹೊರಡುವವರೆಗೆ ಕಾಯುತ್ತದೆ. ಇದು ಸ್ಮಾರ್ಟ್ ವಿಧಾನ. ಕೌಂಟರಿನ ಗುಮಾಸ್ತರು ತಂತ್ರಾಂಶವನ್ನು ತೆರೆದಿಟ್ಟೇ ಊಟಕ್ಕೆ ಹೋಗಿದ್ದರೆ ಈ ಕಾಯುವಿಕೆಗೆ ಕೊನೆಯಿಲ್ಲ. ಸಿಗ್‌ಇಂಟ್ ಬಂದರೆ ಅರ್ಧದಲ್ಲಿರುವ ಡೇಟಾಬೇಸ್ ವ್ಯವಹಾರಗಳನ್ನು (ಟ್ರಾನ್ಸಾಕ್ಷನ್) ರದ್ದುಮಾಡಿ, ಎಲ್ಲ ಸಂಪರ್ಕಗಳನ್ನು ಕಡಿದು, ಚೆಕ್‌ಪಾಯಿಂಟ್ ಬರೆದು, ಅಂದರೆ ಮೆಮೊರಿಯಲ್ಲಿರುವ ಬದಲಾವಣೆಗಳನ್ನೆಲ್ಲ ಡಿಸ್ಕಿಗೆ ಇಳಿಸಿ, ನಿಲ್ಲುತ್ತದೆ. ಇದು ಫಾಸ್ಟ್ ವಿಧಾನ, ನಮಗೆ ಬೇಕಾದದ್ದೂ ಇದೇ. ಸಿಗ್‌ಕ್ವಿಟ್ ಬಂದರೆ ಚೆಕ್‌ಪಾಯಿಂಟ್ ಇಲ್ಲದೆ ಕೂಡಲೇ ನಿಲ್ಲುವುದರಿಂದ ಮುಂದಿನ ಆರಂಭದಲ್ಲಿ ಬದಲಾವಣೆಗಳ ಲಾಗ್ ಓದಿ ಚೇತರಿಸಿಕೊಳ್ಳಬೇಕಾಗುತ್ತದೆ. ಇದು ಇಮ್ಮೀಡಿಯೆಟ್ ವಿಧಾನ. ಸರ್ವರನ್ನು ನಿಲ್ಲಿಸಿ ಆರಂಭಿಸಲು ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಸಾಧನ ಪಿಜಿ-ಸಿಟಿಎಲ್. 9.5ನೇ ಆವೃತ್ತಿಯಿಂದ ಅದರ ಸ್ಟಾಪ್ ಆಜ್ಞೆಗೆ ಫಾಸ್ಟ್ ವಿಧಾನವೇ ಪೂರ್ವನಿಯೋಜಿತ. ಆದರೆ ಬರಿಯ ಕಿಲ್ ಆಜ್ಞೆಯಾಗಲಿ, ಏನೂ ಹೇಳದೆ ಬಿಟ್ಟ ಸಿಸ್ಟಮ್‌ಡಿಯಾಗಲಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಕಳಿಸುವುದು ಸಿಗ್‌ಟರ್ಮ್ ಅನ್ನೇ. ಆದ್ದರಿಂದ ಸರ್ವಿಸನ್ನು ಹೇಗೆ ನಡೆಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಯೂನಿಟ್ ಕಡತದಲ್ಲಿ ಕಿಲ್‌ಸಿಗ್ನಲ್ ಎಂಬಲ್ಲಿ ಸಿಗ್‌ಇಂಟ್ ಎಂದೂ, ಅದು ಮುಖ್ಯ ಪ್ರೋಸೆಸ್ಸಿಗೆ ಮಾತ್ರ ಹೋಗುವಂತೆ ಕಿಲ್‌ಮೋಡ್ ಎಂಬಲ್ಲಿ ಮಿಕ್ಸೆಡ್ ಎಂದೂ ಬರೆಯಬೇಕು.

ಹೆಚ್ಚು ಯೋಚಿಸಬೇಕಾದದ್ದು ಕಾಲಮಿತಿಯನ್ನು. ಪಿಜಿ-ಸಿಟಿಎಲ್ 60 ಸೆಕೆಂಡು ಕಾದು ಕೈಬಿಡುತ್ತದೆ. ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡಿನ ನಂತರ ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್ ಕಳಿಸುತ್ತದೆ. ದೊಡ್ಡ ಚೆಕ್‌ಪಾಯಿಂಟ್ ಬರೆಯುತ್ತಿರುವ ಹಳೆಯ ಹಾರ್ಡ್‌ಡಿಸ್ಕಿಗೆ ಇವೆರಡೂ ಸಾಲದಿರಬಹುದು. ಪೋಸ್ಟ್‌ಗ್ರೆಸ್ ಕೈಪಿಡಿಯ ಮಾದರಿ ಯೂನಿಟ್ಟಿನಲ್ಲಿ ಮಿತಿಯೇ ಬೇಡವೆಂಬ ಅರ್ಥದ ಇನ್ಫಿನಿಟಿ ಇದೆ. ಆರಂಭಕ್ಕೆ ಅದು ಸರಿಯೇ, ಆದರೆ ಬ್ಯಾಟರಿಗೆ ಮಿತಿಯಿರುವ ನಮ್ಮಂಥ ಕಡೆ ನಿಲ್ಲಿಸುವುದಕ್ಕೂ ಅದನ್ನೇ ಇಡುವುದು ನನಗೆ ಒಪ್ಪಿಗೆಯಿಲ್ಲ. ವಹಿವಾಟು ಜೋರಾಗಿರುವ ದಿನ ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದು, ಅದರ ಎರಡು ಪಟ್ಟನ್ನು ಫಾಸ್ಟ್ ವಿಧಾನಕ್ಕೆ ಕೊಟ್ಟು, ಅದೂ ಮೀರಿದರೆ ಪಿಜಿ-ಸಿಟಿಎಲ್ ಮೂಲಕವೇ ಇಮ್ಮೀಡಿಯೆಟ್ ವಿಧಾನಕ್ಕೆ ಇಳಿಯುವಂತೆ ಸ್ಕ್ರಿಪ್ಟನ್ನು ಬರೆಯಬೇಕು. ಯೂನಿಟ್ಟಿನಲ್ಲಿ ನಿಲ್ಲಿಸುವ ಕಾಲಮಿತಿಯಾದ ಟೈಮ್‌ಔಟ್‌ಸ್ಟಾಪ್‌ಸೆಕ್ ಈ ಎರಡರ ಒಟ್ಟು ಮೊತ್ತಕ್ಕಿಂತ ಹೆಚ್ಚಿರಲಿ, ಬ್ಯಾಟರಿ ಬಾಳುವ ಹೊತ್ತಿಗಿಂತ ಸಾಕಷ್ಟು ಕಡಿಮೆಯಿರಲಿ. ನಿಲ್ಲಿಸುವ ಮೊದಲು ಒಮ್ಮೆ ಚೆಕ್‌ಪಾಯಿಂಟ್ ಆಜ್ಞೆ ಕೊಟ್ಟರೆ ಕೊನೆಯಲ್ಲಿ ಬರೆಯಬೇಕಾದದ್ದು ತಗ್ಗುತ್ತದೆ. ಲೆಕ್ಕದ ತಂತ್ರಾಂಶವೂ ಒಂದು ಸರ್ವಿಸ್ ಆಗಿದ್ದರೆ ಅದರ ಯೂನಿಟ್ಟಿನ ಆಫ್ಟರ್ ಸಾಲಿನಲ್ಲಿ ಡೇಟಾಬೇಸಿನ ಹೆಸರಿರಲಿ. ಆಗ ಅದು ಆರಂಭದಲ್ಲಿ ಹಿಂದೆ, ನಿಲ್ಲುವಾಗ ಮುಂದೆ ಇರುತ್ತದೆ.

ನಿಂತಿರುವ ಸರ್ವರಿಗೆ ಮತ್ತೆ ಸ್ಟಾಪ್ ಕೊಟ್ಟರೆ ಪಿಜಿ-ಸಿಟಿಎಲ್ ತಪ್ಪೆಂದು ಹಿಂತಿರುಗುತ್ತದೆ. ಸರ್ವಿಸ್ ಸ್ಕ್ರಿಪ್ಟಿನ ಪದ್ಧತಿಯಲ್ಲಿ ಅದು ಯಶಸ್ಸೆಂದೇ ಲೆಕ್ಕ. ಆದ್ದರಿಂದ ಮೊದಲು ಪಿಜಿ-ಸಿಟಿಎಲ್ ಸ್ಟೇಟಸ್ ಕೇಳಬೇಕು: 0 ಬಂದರೆ ಓಡುತ್ತಿದೆ, 3 ಬಂದರೆ ಓಡುತ್ತಿಲ್ಲ, 4 ಬಂದರೆ ಡೇಟಾ ಡೈರೆಕ್ಟರಿಯೇ ಸಿಗುತ್ತಿಲ್ಲ. ಈ 4ನ್ನು 3ರ ಜೊತೆ ಸೇರಿಸಿ ಮರೆಯಬಾರದು. ಪೋಸ್ಟ್‌ಮಾಸ್ಟರ್ ಪಿಐಡಿ ಕಡತವನ್ನು ಸ್ಕ್ರಿಪ್ಟು ಅಳಿಸುವಂತೆಯೂ ಇಲ್ಲ, ಏಕೆಂದರೆ ಒಂದೇ ಡೇಟಾದ ಮೇಲೆ ಎರಡು ಸರ್ವರುಗಳು ಏಳದಂತೆ ತಡೆಯುವುದು ಆ ಕಡತವೇ.

ಆರಂಭಕ್ಕೆ, 9.6ರಿಂದ ಈಚಿನ ಪೋಸ್ಟ್‌ಗ್ರೆಸ್ ಸಿಸ್ಟಮ್‌ಡಿ ಬೆಂಬಲದೊಡನೆ ಕಟ್ಟಿದ್ದಾದರೆ ಟೈಪ್ ಎಂಬಲ್ಲಿ ನೋಟಿಫೈ ಎಂದು ಬರೆದರೆ ಸಾಕು. ಸಿದ್ಧವಾದಾಗ ಸರ್ವರೇ ತಿಳಿಸುತ್ತದೆ. ಇಲ್ಲವಾದರೆ ಸರ್ವರ್ ಸಿದ್ಧವೇ ಎಂದು ನೋಡುವ ಪಿಜಿ-ಈಸ್‌ರೆಡಿ ಆಜ್ಞೆ 0 ಕೊಡುವವರೆಗೆ ಕೇಳುತ್ತಿರಬೇಕು. ಅದು 1 ಕೊಟ್ಟರೆ ಸರ್ವರ್ ಸತ್ತಿಲ್ಲ, ಬಹುಶಃ ಇನ್ನೂ ಏಳುತ್ತಿದೆ. ಚೇತರಿಕೆಯ ನಡುವೆ ಕಾಲಮಿತಿ ಮೀರಿತೆಂದು ಅದನ್ನು ಕೊಂದರೆ ಮುಂದಿನ ಸಲ ಚೇತರಿಕೆ ಮತ್ತೆ ಶುರುವಾಗಬೇಕಾಗುತ್ತದೆ. ಡೇಟಾ ಬೇರೆ ಡಿಸ್ಕಿನಲ್ಲಿದ್ದರೆ, ಆ ಡಿಸ್ಕ್ ಮೌಂಟ್ ಆದ (ವ್ಯವಸ್ಥೆಗೆ ಜೋಡಣೆಯಾದ) ಮೇಲೆಯೇ ಸರ್ವರ್ ಏಳುವಂತೆ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಸಾಲನ್ನು ಸೇರಿಸಬೇಕು. ಡೈರೆಕ್ಟರಿ ಖಾಲಿ ಕಂಡರೆ ತಾನೇ ಇನಿಟ್‌ಡಿಬಿ (ಹೊಸ ಖಾಲಿ ಡೇಟಾಬೇಸ್ ಕಟ್ಟುವ ಆಜ್ಞೆ) ನಡೆಸುವ ಜಾಣತನವನ್ನಂತೂ ಸ್ಕ್ರಿಪ್ಟಿಗೆ ಕಲಿಸಬಾರದು. ಡಿಸ್ಕ್ ಮೌಂಟ್ ಆಗದ ದಿನ ಕಚೇರಿಯ ಲೆಕ್ಕದ ಜಾಗದಲ್ಲಿ ಖಾಲಿ ಡೇಟಾಬೇಸ್ ಎದ್ದು ನಿಲ್ಲುತ್ತದೆ.

ಪೋಸ್ಟ್‌ಗ್ರೆಸ್ ಬದಲು ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸುವವರಿಗೆ ಸಿಗ್‌ಟರ್ಮ್ ಸಾಕು. ಅಲ್ಲಿ ಇನ್ನೋಡಿಬಿ-ಫಾಸ್ಟ್-ಶಟ್‌ಡೌನ್ ಎಂಬ ಸೆಟ್ಟಿಂಗ್ 1ರಲ್ಲೇ ಇರಲಿ. 0 ತುಂಬ ಹೊತ್ತು ತೆಗೆದುಕೊಳ್ಳುತ್ತದೆ, 2 ಮುಂದಿನ ಆರಂಭಕ್ಕೆ ಚೇತರಿಕೆಯ ಹೊರೆ ಬಿಡುತ್ತದೆ.

ಸ್ಕ್ರಿಪ್ಟಿನ ಪರೀಕ್ಷೆಯನ್ನು ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ ಮುಗಿಸಬೇಕು. ಒಂದು ಪರದೆಯಲ್ಲಿ ಬಿಗಿನ್ ಎಂದು ಕೊಟ್ಟು ವ್ಯವಹಾರವನ್ನು ಹಾಗೇ ತೆರೆದಿಟ್ಟು, ಇನ್ನೊಂದರಲ್ಲಿ ದಾಖಲೆಗಳನ್ನು ತುಂಬುತ್ತಿರುವಾಗಲೇ ಸ್ಟಾಪ್ ಕೊಡಿ. ನಿಂತ ಮೇಲೆ ಪಿಜಿ-ಕಂಟ್ರೋಲ್‌ಡೇಟಾ ನಡೆಸಿದರೆ ಕ್ಲಸ್ಟರಿನ (ಆ ಸರ್ವರಿನ ಡೇಟಾಬೇಸ್‌ಗಳ ಸಮೂಹದ) ಸ್ಥಿತಿ ‘ಶಟ್ ಡೌನ್’ ಎಂದಿರಬೇಕು. ‘ಇನ್ ಪ್ರೊಡಕ್ಷನ್’ ಎಂದೇ ಉಳಿದಿದ್ದರೆ, ಸ್ಕ್ರಿಪ್ಟು ಏನೇ ಹೇಳಲಿ, ಸರ್ವರ್ ಕ್ರಮವಾಗಿ ನಿಂತಿಲ್ಲ.