.22 ರೈಫಲ್‌ಗೆ ಕಾರ್ಟ್ರಿಜ್ (ತೋಟಾ) ಆರಿಸುವಾಗ

ಮೈಸೂರು, ಮಂಡ್ಯದ ನಮ್ಮ ಬಳಗದಲ್ಲಿ 50 ಮೀಟರ್ ಗುರಿಯ ಅಭ್ಯಾಸವನ್ನು ಹೊಸದಾಗಿ ಆರಂಭಿಸಿರುವವರು ವೇಗ ಹೆಚ್ಚಿದ್ದಷ್ಟೂ ಗುರಿ ಚೆನ್ನಾಗಿರುತ್ತದೆಂದು ಭಾವಿಸುವುದುಂಟು. ವಾಸ್ತವದಲ್ಲಿ, ಶಬ್ದದ ವೇಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ, ಕಡಿಮೆ ವೇಗದ ‘ಸ್ಟ್ಯಾಂಡರ್ಡ್ ವೆಲಾಸಿಟಿ’ ಗುಂಡುಗಳೇ ಈ ದೂರಕ್ಕೆ ಸೂಕ್ತ. ಏಕೆಂದರೆ ಅದಕ್ಕಿಂತ ವೇಗವಾಗಿ ಹೊರಟ ಗುಂಡು ದಾರಿಯಲ್ಲೇ ಶಬ್ದದ ವೇಗಕ್ಕಿಂತ ಕೆಳಗಿಳಿಯುವಾಗ ಅದರ ಸ್ಥಿರತೆ ಕೆಡಬಹುದು. ಬೆಲೆಗಿಂತಲೂ ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆಗೆ (ಒಟ್ಟಿಗೆ ತಯಾರಾದ ಒಂದು ಕಂತಿನ ಗುರುತಿಗೆ) ಹೆಚ್ಚು ಗಮನ ಕೊಡಿ. ಒಂದೇ ಕಂಪನಿಯ ಎರಡು ಲಾಟ್‌ಗಳು ಒಂದೇ ರೈಫಲ್‌ನಲ್ಲಿ ಬೇರೆ ಬೇರೆಯಾಗಿ ವರ್ತಿಸುವುದರಿಂದ, ಸ್ವಲ್ಪ ಕೊಂಡು ಪರೀಕ್ಷಿಸಿ, ಗುಂಡುಗಳು ಒತ್ತೊತ್ತಾಗಿ ಬೀಳುವ ಲಾಟನ್ನೇ ಪರವಾನಗಿಯ ಮಿತಿಯೊಳಗೆ ಖರೀದಿಸುವುದು ಲೇಸು. ದುಬಾರಿ ಪೆಟ್ಟಿಗೆಯೇ ಗೆಲ್ಲಬೇಕೆಂದೇನಿಲ್ಲ.

ಈ ಕಾರ್ಟ್ರಿಜ್‌ನಲ್ಲಿ ಪ್ರೈಮರ್ ಮಿಶ್ರಣವು (ಪೆಟ್ಟು ಬಿದ್ದಾಗ ಹೊತ್ತಿಕೊಂಡು ಮದ್ದನ್ನು ಉರಿಸುವ ಪದಾರ್ಥ) ತಳದ ಅಂಚಿನೊಳಗೇ ಇರುವುದರಿಂದ ಬಳಸಿದ ಖೋಲಿನಲ್ಲಿ ಅದನ್ನು ಬದಲಾಯಿಸುವ ಪ್ರಶ್ನೆಯಿಲ್ಲ. ಅದು ಆ ಅಂಚಿನಲ್ಲಿ ಸಮನಾಗಿ ಹರಡಿರದಿದ್ದರೆ ಗುಂಡು ಹಾರದೆ ಉಳಿಯಬಹುದು. ಆಗ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾದ ನಂತರವಷ್ಟೇ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ತೆರೆಯಿರಿ. ಬೇಸಿಗೆಯ ಮಧ್ಯಾಹ್ನ ಪೆಟ್ಟಿಗೆಯನ್ನು ಕಾರಿನಲ್ಲಿ ಬಿಟ್ಟುಹೋಗಬೇಡಿ.