ಟೊಂಕದ ಟೆನ್ಷನ್ ನಟ್ಟು

ಹೊಲಿಗೆ ಮಷೀನಿನಲ್ಲಿ ದಾರ ಪದೇ ಪದೇ ಹರಿಯುತ್ತಿದ್ದರೆ ಮೊದಲು ಸೂಜಿ ನೋಡಬೇಕು, ಆಮೇಲೆ ಬಾಬಿನ್, ಕಡೆಗೆ ದಾರದ ಬಿಗಿ ಹೆಚ್ಚು-ಕಡಿಮೆ ಮಾಡುವ ಟೆನ್ಷನ್ ನಟ್ಟು. ನನ್ನ ಟೊಂಕನೋವಿನ ವಿಷಯದಲ್ಲೂ ನಾನು ಇದೇ ಸರದಿಯಲ್ಲಿ ಹೋದೆ. ನಟ್ಟಿನ ತನಕ ಬರುವಷ್ಟರಲ್ಲಿ ಮೂರು ವರ್ಷ ಕಳೆದಿದ್ದವು.

ಹಳೇ ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಜಂಪರ್, ಫಾಲು-ಪಿಕೋ, ಜೂನ್ ಬಂತೆಂದರೆ ಶಾಲೆ ಯೂನಿಫಾರ್ಮ್. ಹತ್ತೊಂಬತ್ತು ವರ್ಷ ಬಗ್ಗಿ ಕೂತದ್ದಕ್ಕೆ ಸಿಕ್ಕ ಸಂಬಳ ಎಡಗಡೆ ಟೊಂಕದಲ್ಲಿ, ಸೀರೆ ಕಟ್ಟಿನ ಸ್ವಲ್ಪ ಮೇಲೆ, ರೂಪಾಯಿ ನಾಣ್ಯದಷ್ಟು ಜಾಗ. ಬೆಳಿಗ್ಗೆ ಅದು ಸುಮ್ಮನಿರುತ್ತಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಯಾರೋ ಅಲ್ಲಿ ಹೆಬ್ಬೆರಳು ಒತ್ತಿ ಹಿಡಿದಂತೆ. ಸಂಜೆ ಇಸ್ತ್ರಿಪೆಟ್ಟಿಗೆ ಎತ್ತುವಾಗ ಒಂದು ಕೈ ಟೇಬಲ್ ಮೇಲೆ ಊರಿಯೇ ಎತ್ತಬೇಕು.

ಎಲುಬಿನ ಡಾಕ್ಟರ ಹತ್ತಿರ ಹೋದೆ, ಎಕ್ಸ್‌ರೇ ಆಯಿತು, ಎಂಆರ್‌ಐ ಆಯಿತು. ರಿಪೋರ್ಟಿನಲ್ಲಿ ಎಲ್-4, ಎಲ್-5 ಎಂಬ ಟೊಂಕದ ಎಲುಬುಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸ್ವಲ್ಪ ಉಬ್ಬಿದೆ ಎಂದಿತ್ತು. ‘ಡಿಸ್ಕ್ ಸರದೈತಂತ’ ಎಂದು ಓಣಿಯೆಲ್ಲ ಸುದ್ದಿ. ಅಂದಿನಿಂದ ನಾನು ಗಾಜಿನ ಬಳೆಯ ಹಾಗೆ ಓಡಾಡತೊಡಗಿದೆ. ಕೊಡ ಎತ್ತಲಿಲ್ಲ, ಕೆಳಗೆ ಕೂಡಲಿಲ್ಲ, ಮಗಳ ಮದುವೆಯಲ್ಲಿ ಸಹಿತ ಕುರ್ಚಿ ಬಿಟ್ಟು ಏಳಲಿಲ್ಲ. ನೋವು ಕಡಿಮೆಯೇನೂ ಆಗಲಿಲ್ಲ. ಗುಳಿಗೆ ತಿಂದರೆ ಎದೆ ಉರಿ, ಬಿಟ್ಟರೆ ಟೊಂಕ ಉರಿ. ಫಿಜಿಯೋಥೆರಪಿಯಿಂದ ಅರ್ಧ ಗುಣ ಕಂಡಿತು, ಅದನ್ನು ಇಲ್ಲ ಅನ್ನಲಾರೆ. ಉಳಿದರ್ಧಕ್ಕೆ ಆ ಫಿಜಿಯೋಥೆರಪಿ ಮಾಡುವ ಹುಡುಗಿಯೇ ಹೇಳಿದಳು: ‘ಅಕ್ಕಾರ, ನೀವು ನೋವಿಗಿಂತ ಜಾಸ್ತಿ ಅಂಜಿಕೀನ ಹೊತ್ತಕೊಂಡ ಅಡ್ಡಾಡಾಕತ್ತೀರಿ. ಧಾರವಾಡದಾಗ ಒಬ್ರು ಮೇಡಮ್ಮರು ಅದಾರ, ಸಂಮೋಹನ ಮಾಡ್ತಾರ. ಒಮ್ಮೆ ಹೋಗಿ ಬರ್ರಿ.’

ನೋವಿಗೆ ಮನಸ್ಸಿನ ಡಾಕ್ಟರು, ಅದೂ ಧಾರವಾಡದಲ್ಲಿ! ಹುಚ್ಚಿನ ದವಾಖಾನೆ ಇರುವ ಊರು ಅದು. ನಮ್ಮ ಕಡೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಿಲ್ಲ. ಅತ್ತಿಯವರು ಊಟದ ತಾಟು ಸರಿಸಿ ಕೇಳಿದರು: ‘ಟೊಂಕಕ್ಕ ಏನರ ಹುಚ್ಚ ಹಿಡದೈತೇನವಾ?’ ಯಜಮಾನರಿಗೆ ಬೇರೆಯೇ ಸಂಶಯ. ಬಸ್ಸಿನ ಸೀಟಿನ ಹಿಂದೆ ಅಂಟಿಸಿರುತ್ತಾರಲ್ಲ, ವಶೀಕರಣ, ಗುಪ್ತನಿಧಿ, ಪ್ರೇಮವೈಫಲ್ಯ, ಫೋನ್ ಮಾಡಿ ಅಂತ, ಅದೇ ಬಾಬತ್ತು ಇರಬೇಕೆಂದು ಅವರ ಲೆಕ್ಕ.

ಚಿಗರಿ ಬಸ್ಸಿನಲ್ಲಿ ಹೋದೆ. ಕೂತರೆ ನೋವು ಎಂದು ಧಾರವಾಡದ ತನಕ ನಿಂತೇ ಹೋದೆ.

ಮೇಡಮ್ಮರು ಲೋಲಕ ತೂಗಾಡಿಸಲಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಮುಕ್ಕಾಲು ತಾಸು ಬರೀ ಪ್ರಶ್ನೆ ಕೇಳಿದರು. ಕಾಲು ಜೋಮು ಹಿಡಿಯುತ್ತದೆಯೇ, ಕಾಲಿನ ಶಕ್ತಿ ಕಡಿಮೆಯಾಗಿದೆಯೇ, ಮೂತ್ರ-ಸಂಡಾಸಿನ ಮೇಲೆ ಹಿಡಿತ ಇದೆಯೇ, ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ. ಎಂಆರ್‌ಐ ನೋಡಿ ನಕ್ಕರು. ನೋವೇ ಇಲ್ಲದ ಜನರ ಬೆನ್ನಿನ ಚಿತ್ರಗಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಕೂಡಿಸಿ 2015ರಲ್ಲಿ ಒಂದು ಪರಿಶೀಲನೆ ಪ್ರಕಟವಾಗಿದೆಯಂತೆ, ಒಟ್ಟು 3,110 ಜನ. ಅದರಲ್ಲಿ ನಲವತ್ತರ ವಯಸ್ಸಿನವರಲ್ಲಿ ಅರ್ಧದಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು. ಒಬ್ಬರಿಗೂ ನೋವಿಲ್ಲ. ‘ಇದು ನಿಮ್ಮ ತಲಿಯೊಳಗಿನ ಬಿಳಿಗೂದಲು ಇದ್ದಂಗ’ ಎಂದರು. ಆ ಒಂದು ಮಾತಿಗೇ ನನ್ನ ಬಸ್ ಚಾರ್ಜು ವಸೂಲಾಯಿತು. ವಾಪಸ್ ಬರುವಾಗ ಕೂತು ಬಂದೆ.

ಎರಡನೆಯ ಸಲ ಪರೀಕ್ಷೆ. ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿ, ಬಲಗೈಯಲ್ಲಿ ತುಂಬಿದ ಬಕೆಟ್ ಇದೆ, ಎಡಗೈಗೆ ಬಲೂನು ಕಟ್ಟಿದೆ ಎಂದುಕೊಳ್ಳಿ ಎಂದರು. ನಾನು ಬಕೆಟ್ ಬಿಟ್ಟು ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು ಬಂದ ದಿನದ ತಾಮ್ರದ ಕೊಡ ನೆನೆಸಿಕೊಂಡೆ. ಬಲಗೈ ಧಪ್ಪನೆ ತೊಡೆಯ ಮೇಲೆ ಬಿತ್ತು. ‘ನಿಮಗ ಛಲೋ ಹತ್ತತೈತಿ’ ಎಂದರು. ಎಲ್ಲರಿಗೂ ಇದು ಒಂದೇ ಹದದಲ್ಲಿ ಹತ್ತುವುದಿಲ್ಲವಂತೆ, ಕೆಲವರಿಗೆ ಹತ್ತುವುದೇ ಇಲ್ಲ. ಹತ್ತದಿದ್ದರೆ ಅದು ಅವರ ತಪ್ಪಲ್ಲ, ಭಕ್ತಿ ಕಡಿಮೆಯಾಯಿತು ಎಂದೂ ಅಲ್ಲ.

ನಾನು ಕೇಳಿದೆ: ‘ಹಂಗಾರ ಇದು ಬರೇ ಕಲ್ಪನಾ ಏನ್ರಿ? ನನ್ನ ನೋವು ಸುಳ್ಳೇನು?’ ಅದಕ್ಕೆ ಅವರು 1997ರ ಒಂದು ಪ್ರಯೋಗದ ಕಥೆ ಹೇಳಿದರು. ಕೆನಡಾದ ಪಿಯರ್ ರೇನ್‌ವಿಲ್ ಮತ್ತು ಸಂಗಡಿಗರು ಜನರ ಕೈಯನ್ನು 47 ಡಿಗ್ರಿ ಬಿಸಿ ನೀರಿನಲ್ಲಿ ಇಡಿಸಿ, ಸಂಮೋಹನದಲ್ಲಿ ‘ಇದು ಅಷ್ಟೇನೂ ತ್ರಾಸು ಕೊಡುತ್ತಿಲ್ಲ’ ಎಂದು ಸೂಚನೆ ಕೊಟ್ಟರು. ಮೆದುಳಿನ ಚಿತ್ರ ತೆಗೆದು ನೋಡಿದರೆ, ಬಿಸಿ ಎಷ್ಟು ಎಂದು ಅಳೆಯುವ ಭಾಗದಲ್ಲಿ ಹೇಳುವಂಥ ಬದಲಾವಣೆ ಇಲ್ಲ, ಅದರ ಸಂಕಟ ಪಡುವ ಭಾಗ ಮಾತ್ರ ತಣ್ಣಗಾಗಿತ್ತು. ನೋವು ಬೇರೆ, ನೋವಿನ ಕಾಟ ಬೇರೆ. ಕಾಟದ ಮೇಲೆ ಕೈಯಾಡಿಸಬಹುದು. ಇಷ್ಟು ತಿಳಿದ ಮೇಲೆ ನನಗೆ ಧೈರ್ಯ ಬಂತು.

ಇತಿಹಾಸವನ್ನೂ ಅಷ್ಟಿಷ್ಟು ಓದಿಕೊಂಡೆ. ಜೇಮ್ಸ್ ಎಸ್‌ಡೇಲ್ ಎಂಬ ಸರ್ಜನ್ ನಮ್ಮ ದೇಶದಲ್ಲೇ, ಬಂಗಾಳದ ಹೂಗ್ಲಿಯಲ್ಲಿ, 1845ರಿಂದ ರೋಗಿಗಳನ್ನು ಮಂಪರಿಗೆ ಇಳಿಸಿ ಆಪರೇಷನ್ ಮಾಡುತ್ತಿದ್ದನಂತೆ. ಆಪರೇಷನ್ನಿಗೆ ಕ್ಲೋರೋಫಾರ್ಮ್ ಬಳಕೆಗೆ ಬಂದದ್ದೇ 1847ರಲ್ಲಿ. ‘ಹಿಪ್ನೋಟಿಸಂ’ ಎಂಬ ಹೆಸರನ್ನು 1843ರ ತನ್ನ ಪುಸ್ತಕದಿಂದ ಬಳಕೆಗೆ ತಂದವನು ಜೇಮ್ಸ್ ಬ್ರೇಡ್. ಹಿಪ್ನೋಸ್ ಅಂದರೆ ಗ್ರೀಕರ ನಿದ್ದೆಯ ದೇವರು. ಇದು ನಿದ್ದೆಯಲ್ಲ ಎಂದು ಆಮೇಲೆ ಬ್ರೇಡನಿಗೇ ಅನ್ನಿಸಿ ಹೆಸರು ಬದಲಿಸಲು ನೋಡಿದ, ಜನ ಬಿಡಲಿಲ್ಲ. ಒಮ್ಮೆ ಓಣಿಯಲ್ಲಿ ಹೆಸರಿಟ್ಟರೆ ಅಳಿಸುವುದು ಎಷ್ಟು ಕಷ್ಟ ಎಂದು ನಮಗೆ ಗೊತ್ತಿಲ್ಲವೇ.

ಮೂರನೆಯ ವಾರ ಮೇಡಮ್ಮರು ಮನೆಯಲ್ಲಿ ಕೇಳಲು ಒಂದು ರೆಕಾರ್ಡಿಂಗ್ ಕೊಟ್ಟರು. ಇಲ್ಲೇ ಕೆಟ್ಟಿತು. ‘ನಿಮ್ಮ ದೇಹವು ಹಗುರವಾಗುತ್ತಿದೆ, ನೀವು ಪ್ರಶಾಂತವಾದ ಸಮುದ್ರತೀರದಲ್ಲಿದ್ದೀರಿ’ ಎಂದು ಶುರುವಾಗುತ್ತಿತ್ತು. ದನಿ ಛಲೋ ಇತ್ತು, ಆದರೆ ನನಗೆ ರೇಡಿಯೋ ವಾರ್ತೆ ಕೇಳಿದ ಹಾಗೆ. ‘ದೇಹವು’ ಎಂದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಅಂದಿಲ್ಲ. ಇನ್ನು ಸಮುದ್ರ. ನಾನು ಅದನ್ನು ನೋಡಿದ್ದು ಒಂದೇ ಸಲ, ಗೋಕರ್ಣದಲ್ಲಿ, ಎಡಗಾಲಿನ ಚಪ್ಪಲಿ ಅಲೆಯಲ್ಲಿ ಕೊಚ್ಚಿಹೋಯಿತು. ಅಲೆ ಎಂದ ಕೂಡಲೇ ಆ ಚಪ್ಪಲಿ ನೆನಪಾಗಿ ಹಲ್ಲು ಬಿಗಿಯುತ್ತಿತ್ತು. ಎಂಟು ದಿನ ಕೇಳಿದೆ, ಎಂಟು ದಿನವೂ ಚಪ್ಪಲಿ ಹುಡುಕಿದೆ.

ಸಂಕೋಚದಿಂದ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ನಿಮಗ ತಣ್ಣಗ ಅನ್ನಿಸೋ ಜಾಗಾ ಯಾವುದು ಹೇಳ್ರಿ’ ಎಂದರು. ನನ್ನ ತವರು ಲಕ್ಕುಂಡಿ. ಅಲ್ಲಿ ಮಾಣಿಕೇಶ್ವರ ಗುಡಿಯ ಪಕ್ಕ ಮುಸುಕಿನ ಬಾವಿ ಇದೆ, ಚಾಲುಕ್ಯರ ಕಾಲದ್ದು, ಮೆಟ್ಟಿಲು ಇಳಿದು ನೀರಿನ ತನಕ ಹೋಗುವಂಥದ್ದು. ಚಿಕ್ಕವಳಿದ್ದಾಗ ಬ್ಯಾಸಗಿ ಮಧ್ಯಾಹ್ನ ಅಲ್ಲಿ ಕಳ್ಳತನದಿಂದ ಹೋಗಿ ಕೂಡುತ್ತಿದ್ದೆ. ಮೇಲೆ ಕಾಲಿಟ್ಟರೆ ಸುಡುವ ಕಲ್ಲು, ಕೆಳಗೆ ಹೋದಂತೆ ಒಂದೊಂದು ಮೆಟ್ಟಿಲೂ ತಣ್ಣಗೆ.

‘ಇನ್ನೇನ ಬೇಕ್ರಿ?’ ಎಂದರು. ‘ನೀವ ಬರೀರಿ, ನಿಮ್ಮ ದನಿಯೊಳಗ ನೀವ ಹೇಳ್ರಿ.’

ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಮೊಬೈಲಿನಲ್ಲಿ ನನ್ನ ದನಿಯಲ್ಲೇ ತುಂಬಿಸಿದೆ: ‘ಕೆಳಗ ಇಳಿ. ಅವಸರ ಇಲ್ಲ. ಇದು ಹತ್ತನೇ ಮೆಟ್ಟಲಾ. ಕಲ್ಲ ಇನ್ನೂ ಬೆಚ್ಚಗೈತಿ. ಉಸರ ಬಿಡು. ಒಂಬತ್ತು. ಅಂಗಾಲಿಗೆ ತಂಪ ಹತ್ತಾಕತ್ತೈತಿ...’

ಅವರು ಹೇಳಿಕೊಟ್ಟ ಇನ್ನೊಂದು ಉಪಾಯ ನೋವಿಗೆ ಫ್ಯಾನಿನ ರೆಗ್ಯುಲೇಟರ್ ಇದೆ ಎಂದುಕೊಂಡು ಐದರಿಂದ ನಾಲ್ಕು, ಮೂರಕ್ಕೆ ಇಳಿಸುವುದು. ನಮ್ಮ ಮನೆಯ ರೆಗ್ಯುಲೇಟರ್ ಯಾವ ನಂಬರಿಗಿಟ್ಟರೂ ಒಂದೇ ಸ್ಪೀಡು, ಹಾಗಾಗಿ ನನಗೆ ನಂಬಿಕೆ ಬರಲಿಲ್ಲ. ಆದರೆ ಟೆನ್ಷನ್ ನಟ್ಟನ್ನು ನನ್ನ ಬೆರಳು ಕತ್ತಲಲ್ಲೂ ಬಲ್ಲವು. ಬಲಕ್ಕೆ ತಿರುವಿದರೆ ಬಿಗಿ, ಎಡಕ್ಕೆ ಸಡಿಲು. ಒಳಗಿನ ಸ್ಪ್ರಿಂಗು ಬೆರಳಿಗೆ ಸಣ್ಣಗೆ ಒತ್ತುವುದು, ಎರಡು ತಟ್ಟೆಗಳ ನಡುವಿನ ದಾರ ಎಳೆದರೆ ಸರ್ರನೆ ಬರುವುದು, ಇದನ್ನೆಲ್ಲ ಕಲ್ಪಿಸಿಕೊಳ್ಳಲು ನನಗೆ ಪ್ರಯತ್ನವೇ ಬೇಡ. ಬಾವಿಯ ಕೆಳಗಿನ ಮೆಟ್ಟಿಲಲ್ಲಿ ಕೂತು, ಟೊಂಕದ ಆ ರೂಪಾಯಿಯಷ್ಟು ಜಾಗದಲ್ಲಿ ನಟ್ಟು ಇದೆ ಎಂದುಕೊಂಡು ಎಡಕ್ಕೆ ಕಾಲು ಸುತ್ತು ತಿರುವುತ್ತೇನೆ. ಉಸಿರು ಬಿಡುವಾಗ ಮಾತ್ರ ತಿರುವಬೇಕು, ಎಳೆದುಕೊಳ್ಳುವಾಗ ಕೈ ನಿಲ್ಲಿಸಬೇಕು.

ನಾನು ಮಾಡುವ ರೀತಿ ಇಷ್ಟೇ. ಮಧ್ಯಾಹ್ನ ಊಟವಾಗಿ ಅರ್ಧ ತಾಸಿಗೆ ಅಂಗಡಿಯ ಶಟರ್ ಅರ್ಧ ಇಳಿಸುತ್ತೇನೆ. ಚಾಪೆ ಹಾಸಿ, ಮಡಚಿದ ಕೌದಿ ಮೊಣಕಾಲಿನ ಕೆಳಗೆ ಇಟ್ಟುಕೊಳ್ಳುತ್ತೇನೆ. ಬೆನ್ನು ನೆಲಕ್ಕೆ ಹತ್ತಲು ಅದು ಬೇಕೇ ಬೇಕು. ಛಾವಣಿಯ ತಗಡಿನ ಒಂದು ಮೊಳೆಯನ್ನು ಕಣ್ಣೆವೆ ಭಾರವಾಗುವ ತನಕ ನೋಡುತ್ತೇನೆ. ಆಮೇಲೆ ಮೆಟ್ಟಿಲು, ನಟ್ಟು, ಮತ್ತೆ ಮೆಟ್ಟಿಲು ಹತ್ತಿ ಮೇಲೆ. ಒಟ್ಟು ಹದಿನೆಂಟು ನಿಮಿಷ. ಮೊದಲ ಹದಿನೈದು ದಿನಗಳಲ್ಲಿ ಅರ್ಧದಷ್ಟು ದಿನ ನಿದ್ದೆಯೇ ಹೋದೆ. ನಿದ್ದೆ ಕೆಟ್ಟದ್ದಲ್ಲ, ಆದರೆ ಅದರಿಂದ ಈ ಕೆಲಸ ಆಗುವುದಿಲ್ಲ. ಒಂದು ಮೊಣಕೈ ಊರಿ ಮುಂಗೈ ಎತ್ತಿಟ್ಟುಕೊಂಡರೆ ನಿದ್ದೆ ಬಂದೊಡನೆ ಕೈ ಬಿದ್ದು ಎಚ್ಚರಾಗುತ್ತದೆ.

ಆರನೆಯ ವಾರಕ್ಕೆ ಹತ್ತರಲ್ಲಿ ಏಳು ಇದ್ದ ನೋವು ನಾಲ್ಕಕ್ಕೆ ಬಂತು. ಸೊನ್ನೆ ಇವತ್ತಿಗೂ ಆಗಿಲ್ಲ. ಆದರೆ ಮೊದಲು ದಿನವೆಲ್ಲ ಆ ಜಾಗದ ಮೇಲೆಯೇ ಒಂದು ಕಣ್ಣು ಇರುತ್ತಿತ್ತು, ಈಗ ಗಿರಾಕಿಯೊಂದಿಗೆ ಕುತ್ತಿಗೆಯ ಆಳದ ಬಗ್ಗೆ ಜಗಳ ಆಡುತ್ತ ಅದನ್ನು ಮರೆತೇ ಬಿಟ್ಟಿರುತ್ತೇನೆ. ಕೊಡ ಎತ್ತುತ್ತೇನೆ. ಗುಳಿಗೆ ಎಂದೋ ಒಂದು ದಿನ. ಫಿಜಿಯೋ ಹೇಳಿದ ವ್ಯಾಯಾಮ ಮಾತ್ರ ಬಿಟ್ಟಿಲ್ಲ. ಸಂಮೋಹನದಿಂದ ಬಂದ ಮುಖ್ಯ ಲಾಭ ವ್ಯಾಯಾಮ ಮಾಡಲು ಹೆದರಿಕೆ ಹೋದದ್ದೇ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಕಳೆದ ಮದುವೆ ಸೀಜನ್ನಿನಲ್ಲಿ ಗುಳೇದಗುಡ್ಡ ಖಣದ ಹದಿನಾಲ್ಕು ಜಂಪರ್ ಒಮ್ಮೆಲೇ ಬಂದವು. ಮಧ್ಯಾಹ್ನ ನೋವು ಶುರುವಾದಾಗ ಮಲಗಿ ನಟ್ಟನ್ನು ಕಾಲು ಸುತ್ತಲ್ಲ, ಪೂರ್ತಿ ಬಿಚ್ಚಿಬಿಟ್ಟೆ. ಏನೂ ಗೊತ್ತಾಗಲಿಲ್ಲ. ರಾತ್ರಿ ಹನ್ನೊಂದರ ತನಕ ಏಳದೆ ಹೊಲಿದೆ. ಮರುದಿನ ಹಾಸಿಗೆಯಿಂದ ಏಳಲು ಯಜಮಾನರು ಮತ್ತು ಮಗ ಇಬ್ಬರೂ ಬೇಕಾದರು. ನಟ್ಟು ಪೂರ್ತಿ ಸಡಿಲಿಸಿದರೆ ಮೇಲೆ ಹೊಲಿಗೆ ಚಂದ ಕಾಣುತ್ತದೆ, ಬಟ್ಟೆ ತಿರುವಿ ನೋಡಿದರೆ ಕೆಳಗೆ ದಾರ ಗಂಟುಗಂಟು. ಇದು ನಾನು ಕಲಿಯಲು ಬರುವ ಹುಡುಗಿಯರಿಗೆ ಮೊದಲ ದಿನವೇ ಹೇಳುವ ಪಾಠ! ಮೇಡಮ್ಮರು ಬೈದು ರೆಕಾರ್ಡಿಂಗಿಗೆ ಎರಡು ಸಾಲು ಸೇರಿಸಿದರು: ‘ಹೊಸಾ ನೋವು ಬಂದ್ರ ನನಗ ತಿಳೀಲಿ. ತಾಸಿಗೊಮ್ಮೆ ನಾ ಎದ್ದ ನಿಂದರ್ತೀನಿ.’

ಹೀಗೆಂದು ಗಿರಾಕಿಗಳು ‘ನನಗೂ ಒಂದೀಟ ಹಿಪ್ನೋಟಿಸಂ ಮಾಡವಾ’ ಎಂದರೆ ಮಾಡುವುದಿಲ್ಲ. ನಾನು ಟೇಲರ್. ಒಮ್ಮೆ ಒಬ್ಬಾಕೆ ಟೊಂಕ ಹಿಡಿದುಕೊಂಡು ಬಂದಿದ್ದಳು. ಮಾತಿಗೆ ಮಾತು ಬಂದು, ಎರಡು ದಿನದಿಂದ ಬಲಗಾಲು ಎಳೆಯುತ್ತಿದೆ, ಮೂತ್ರಕ್ಕೆ ಹೋದದ್ದೂ ಗೊತ್ತಾಗುತ್ತಿಲ್ಲ ಎಂದಳು. ಜಂಪರಿನ ಅಳತೆ ಅಲ್ಲಿಗೇ ಬಿಟ್ಟು ಆಟೋ ಕರೆದು ದೊಡ್ಡ ದವಾಖಾನೆಗೆ ಕಳಿಸಿದೆ. ನರ ಒತ್ತಿಕೊಂಡಿತ್ತು, ತಡಮಾಡದೆ ಆಪರೇಷನ್ ಆಯಿತು. ಅಂಥದ್ದಕ್ಕೆ ಬಾವಿ ಮೆಟ್ಟಿಲು ಇಳಿಸುತ್ತ ಕೂತಿದ್ದರೆ ಏನಾಗುತ್ತಿತ್ತೋ.

ನನ್ನ ರೆಕಾರ್ಡಿಂಗಿನಲ್ಲಿ ಒಂದು ದೋಷ ಉಳಿದಿದೆ. ಮನೆಯಲ್ಲಿ ತುಂಬಿಸುವಾಗ ನಾಲ್ಕನೇ ಮೆಟ್ಟಿಲಿಗೆ ಸರಿಯಾಗಿ ಅಡಿಗೆಮನೆಯ ಕುಕ್ಕರ್ ಸೀಟಿ ಹೊಡೆಯಿತು. ಮತ್ತೊಮ್ಮೆ ತುಂಬಿಸಿ ಎಂದು ಮೇಡಮ್ಮರು ಹೇಳಿದರು, ಬ್ಯಾಳಿ ಹೊತ್ತೀತು ಎಂಬ ಗಡಿಬಿಡಿಯಲ್ಲಿ ಅಂದು ಬಿಟ್ಟದ್ದು ಹಾಗೇ ಉಳಿಯಿತು. ದಿನವೂ ಕೇಳಿ ಕೇಳಿ ಈಗ ಯಾರ ಮನೆಯ ಕುಕ್ಕರ್ ಕೂಗಿದರೂ ನನ್ನ ಹೆಗಲು ತಾನಾಗಿ ಕೆಳಗಿಳಿಯುತ್ತವೆ, ಉಸಿರು ಉದ್ದವಾಗುತ್ತದೆ. ಮೊನ್ನೆ ಅತ್ತಿಯವರು ನೋಡಿ, ಒಲೆ ಸಣ್ಣ ಮಾಡುತ್ತ ಕೇಳಿದರು: ‘ಎಷ್ಟು ಸೀಟಿ ಬೇಕವಾ ಇವತ್ತ ನಿನ್ನ ಟೊಂಕಕ್ಕ?’